ಚಕ್ರದ ನಟ್ಟೂ ಅದರ ಬಿಗಿಯೂ

ಎತ್ತಿನ ಬಂಡಿಯ ಚಕ್ರವು ಕಳಚಿಕೊಳ್ಳದಂತೆ ಅಚ್ಚಿನ ತುದಿಯಲ್ಲಿ ತೂರಿಸುವ ಕೀಲಿಗೆ ಕಡಾಣಿ ಎಂದು ಹೆಸರು. ಕಡೆಯ ಆಣಿಯೇ ಕಡಾಣಿ. ‘ಆಣಿ’ ಎಂಬ ಶಬ್ದವಂತೂ ಇದೇ ಅರ್ಥದಲ್ಲಿ ಋಗ್ವೇದದಷ್ಟು ಹಳೆಯದು. ಹೊರಕ್ಕೆ ಜಾರುವ ಚಕ್ರಕ್ಕೆ ಅಡ್ಡವಾಗಿ ನಿಲ್ಲುವುದಷ್ಟೇ ಈ ಕೀಲಿನ ಕೆಲಸ. ಅದು ತುಸು ಅಲುಗಾಡಿದರೂ ಬಿದ್ದುಹೋಗದಿದ್ದರೆ ಸಾಕು. ಮೋಟಾರು ಕಾರಿನ ಚಕ್ರದ ನಟ್ಟನ್ನೂ ಅನೇಕರು ಇಂಥದೇ ಒಂದು ಕಡಾಣಿಯೆಂದು ಭಾವಿಸಿರುತ್ತಾರೆ. ಕೇಡಿನ ಮೂಲವಿರುವುದು ಈ ಭಾವನೆಯಲ್ಲಿಯೇ.

ಕಾರಿನ ನಟ್ಟು ಅಡ್ಡ ನಿಲ್ಲುವುದಕ್ಕಾಗಿ ಇರುವುದಲ್ಲ, ಅದುಮಿ ಹಿಡಿಯುವುದಕ್ಕಾಗಿ ಇರುವುದು. ನಟ್ಟನ್ನು ಬಿಗಿದಾಗ ಉಕ್ಕಿನ ಸ್ಟಡ್ಡು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಮರಳಿ ಕುಗ್ಗಲು ಹವಣಿಸುತ್ತದೆ. ಆ ಸೆಳೆತದಿಂದ ಚಕ್ರದ ತಟ್ಟೆಯು ಗುಂಬಕ್ಕೆ, ಎಂದರೆ ಹಬ್ಬಿಗೆ, ಒತ್ತಿಕೊಂಡು ಕೂರುತ್ತದೆ. 12 ಮಿಲಿಮೀಟರ್ ದಪ್ಪದ ಸ್ಟಡ್ಡಿನ ನಟ್ಟನ್ನು 100 ನ್ಯೂಟನ್ ಮೀಟರ್ ತಿರುಚುಬಲದಿಂದ ಬಿಗಿದರೆ ಹುಟ್ಟುವ ಒತ್ತಡ ಸುಮಾರು 4 ಟನ್ನು. ಮೀಟರ್ ಉದ್ದದ ಹಿಡಿಯ ತುದಿಗೆ 10 ಕಿಲೋ ತೂಕವನ್ನು ತೂಗುಬಿಟ್ಟಷ್ಟು ಬಲದಿಂದ ಇಷ್ಟೊಂದು ಒತ್ತಡವೇ ಎಂದು ಬೆರಗಾಗುವಂತಿದೆಯಲ್ಲವೆ? ಕಾರಿನ ಭಾರವನ್ನೂ ಬ್ರೇಕಿನ ಎಳೆತವನ್ನೂ ಬಹುಮಟ್ಟಿಗೆ ಹೊರುವುದು ಈ ಒತ್ತಡದಿಂದಾದ ಘರ್ಷಣೆಯೇ ಹೊರತು ಸ್ಟಡ್ಡಿನ ಗಟ್ಟಿತನವಲ್ಲ.

ಬಿಗಿ ತಗ್ಗಿತೆಂದರೆ ತಟ್ಟೆಯು ಹಬ್ಬಿನ ಮೇಲೆ ಕೂದಲೆಳೆಯಷ್ಟು ಅತ್ತಿತ್ತ ಸರಿದಾಡತೊಡಗುತ್ತದೆ. ಇಂಥ ಅಡ್ಡ ಸರಿದಾಟವೇ ನಟ್ಟನ್ನು ತಾನೇ ತಾನಾಗಿ ಹಿಂದಕ್ಕೆ ತಿರುಗಿಸುತ್ತದೆಂಬುದನ್ನು ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ಅವರು 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಒಂದು ನಟ್ಟು ಸಡಿಲಿದರೆ ಉಳಿದವುಗಳ ಹೊರೆ ಹೆಚ್ಚುತ್ತದೆ. ಸ್ಟಡ್ಡುಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ದಣಿದು, ಒಂದಾದ ಮೇಲೊಂದು ಮುರಿಯುತ್ತವೆ. ಕಳಚಿ ಉರುಳಿದ ಚಕ್ರವು ಕಾರಿನೊಳಗಿನವರಿಗಿಂತ ದಾರಿಹೋಕರಿಗೇ ಹೆಚ್ಚು ಅಪಾಯಕಾರಿಯಾದೀತು.

ಈ ಸಡಿಲಿಕೆ ಬಹುತೇಕ ಚಕ್ರವನ್ನು ಬಿಚ್ಚಿ ಹಾಕಿದ ಬಳಿಕವೇ ತಲೆದೋರುತ್ತದೆ. ಪಂಕ್ಚರ್ ಆದಾಗ ಅವಸರದಲ್ಲಿ ಚಕ್ರವನ್ನು ಬದಲಿಸುತ್ತಾರೆ. ತಟ್ಟೆಗೂ ಹಬ್ಬಿಗೂ ನಡುವೆ ತುಕ್ಕು, ಮಣ್ಣು, ಬಣ್ಣದ ಪೊರೆ ಉಳಿದಿರುತ್ತದೆ. ಅದು ಓಡಾಟದಲ್ಲಿ ಪುಡಿಯಾಗಿ ಉದುರಿತೆಂದರೆ, ನಟ್ಟು ತಿರುಗದೆಯೇ ಬಿಗಿ ಇಳಿದುಹೋಗುತ್ತದೆ. ಆದುದರಿಂದ ಮೊದಲು ಎರಡು ಮೈಗಳನ್ನೂ ಉಜ್ಜಿ ಶುಚಿಗೊಳಿಸತಕ್ಕದ್ದು. ಅನಂತರ ನಟ್ಟುಗಳನ್ನು ಕೈಯಿಂದ ಕೂರಿಸಿ, ಸಾಲಾಗಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕಡೆಯ ಬಿಗಿಯನ್ನು ಜಾಕು ಇಳಿಸಿದ ಮೇಲೆ ಕೊಡುವುದು. 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ಪರೀಕ್ಷಿಸತಕ್ಕದ್ದು; ಹೆಚ್ಚಿನವರು ಮರೆಯುವುದು ಇದನ್ನೇ.

ಸ್ಪ್ಯಾನರಿಗೆ ಕೊಳವೆ ತೊಡಿಸಿ ಅದರ ಮೇಲೆ ನಿಂತು ತುಳಿಯುವ ಶೂರರೂ ಉಂಟು. ಮಿತಿ ಮೀರಿ ಹಿಗ್ಗಿದ ಉಕ್ಕು ಮರಳಿ ಕುಗ್ಗದು. ಅತಿಬಿಗಿಯೂ ಸಡಿಲಿಕೆಯ ಅಣ್ಣನೇ. ತಿರುಪಿಗೆ ಎಣ್ಣೆ ಸವರುವುದೂ ಹೀಗೆಯೇ. ತಿರುಚುಬಲದ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ವ್ಯಯವಾಗುವುದರಿಂದ, ಎಣ್ಣೆ ಅದನ್ನು ತಗ್ಗಿಸಿದರೆ ಅಷ್ಟೇ ಬಲಕ್ಕೆ ಸ್ಟಡ್ಡು ಹೆಚ್ಚು ಹಿಗ್ಗುತ್ತದೆ. ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ಅಳೆದು ಬಿಗಿಯುವುದಕ್ಕೆ ಟಾರ್ಕ್ ರೆಂಚ್ ಎಂಬ ಸಾಧನವಿದೆ.

ದಾರಿಯಲ್ಲಿ ವೇಗಕ್ಕೆ ತಕ್ಕಂತೆ ‘ಟಕ್ ಟಕ್’ ಸದ್ದು ಕೇಳಿಸಿದರೆ, ಸ್ಟಿಯರಿಂಗು ನಡುಗಿದರೆ, ಬ್ರೇಕನ್ನು ಥಟ್ಟನೆ ಒತ್ತದೆ ಮೆಲ್ಲನೆ ವೇಗ ತಗ್ಗಿಸಿ, ರಸ್ತೆಯ ಅಂಚಿಗೆ ಸರಿದು ನಿಲ್ಲಿಸಬೇಕು. ನಟ್ಟಿನ ಸುತ್ತ ತುಕ್ಕಿನ ಗೆರೆಗಳೋ ಹೊಳೆಯುವ ಸವೆತವೋ ಕಂಡರೆ ಸಡಿಲಿಕೆ ಹಳೆಯದೆಂದೇ ತಿಳಿಯಬೇಕು. ಆಗ ಬಿಗಿದುಬಿಟ್ಟರೆ ಸಾಲದು. ಚಕ್ರವನ್ನು ಬಿಚ್ಚಿಸಿ, ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಆ ಚಕ್ರವನ್ನೇ ತ್ಯಜಿಸಬೇಕು. ಒಂದು ಸ್ಟಡ್ಡು ಮುರಿದಿದ್ದರೂ ಆ ಚಕ್ರದ ಅಷ್ಟೂ ಸ್ಟಡ್ಡುಗಳನ್ನು ಬದಲಾಯಿಸಬೇಕು, ಏಕೆಂದರೆ ನೆಟ್ಟಗೆ ಕಾಣುವ ಉಳಿದವುಗಳೂ ಅಷ್ಟೇ ದಣಿದಿರುತ್ತವೆ.