ಇ-ಮೇಲ್ ಜರಡಿಯ ಕಣ್ಣು

‘ಸುಲಭ ಸಾಲ’, ‘ಲಾಟರಿ ಬಹುಮಾನ’ ಎಂದು ದಿನವೂ ಬಂದು ಬೀಳುವ ಬೇಡದ ಇ-ಮೇಲ್‌ಗಳಿಗೆ ಸ್ಪ್ಯಾಮ್ ಎಂಬ ಹೆಸರಿರುವುದು ನಿಮಗೆ ತಿಳಿದೇ ಇದೆ. ‘ಸಾಲ’ ಎಂಬ ಪದವಿರುವ ಪತ್ರಗಳನ್ನೆಲ್ಲ ಬೇರೆ ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಕೊಟ್ಟು ನೋಡಿ. ಮಸಾಲೆದೋಸೆಯ ಬಗ್ಗೆ ಗೆಳೆಯರು ಬರೆದ ಪತ್ರವೂ, ಸಾಲುಮರದ ತಿಮ್ಮಕ್ಕನವರ ಕುರಿತ ಲೇಖನವೂ ಕಸದ ಬುಟ್ಟಿಗೆ ಹೋಗುತ್ತವೆ.

ಕಾರಣ ಸರಳ. ಕಂಪ್ಯೂಟರು ಪದವನ್ನು ಓದುವುದಿಲ್ಲ, ಒಂದರ ಹಿಂದೊಂದು ಬರುವ ಸಂಕೇತಗಳನ್ನು ಮಾತ್ರ ನೋಡುತ್ತದೆ. ಸ, ಅದರ ದೀರ್ಘದ ಗುರುತು, ಲ ಎಂಬ ಮೂರು ಸಂಕೇತಗಳು ‘ಮಸಾಲೆ’ಯ ಒಳಗೂ ಇದೇ ಕ್ರಮದಲ್ಲಿವೆ. ಏತ್ವ, ಕೊಂಬು ಇತ್ಯಾದಿ ಆಮೇಲೆ ಬರುವ ಬೇರೆ ಸಂಕೇತಗಳು. ಇಂಗ್ಲಿಷಿನಲ್ಲಿಯೂ ಇದೇ ಪಾಡು. ‘ಸಿಯಾಲಿಸ್’ ಎಂಬ ಮಾತ್ರೆಯ ಜಾಹೀರಾತು ತಡೆಯಹೊರಟರೆ, ‘ಸ್ಪೆಷಲಿಸ್ಟ್’ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಅವೇ ಆರು ಅಕ್ಷರಗಳು ಅಡಗಿರುತ್ತವೆ. ತಜ್ಞ ವೈದ್ಯರ ಪತ್ರ ರೋಗಿಗೆ ತಲುಪದೆ ಹೋಗಬಹುದು.

ಇಲ್ಲಿ ನೆರವಿಗೆ ಬರುವುದು ‘ರೆಗ್ಯುಲರ್ ಎಕ್ಸ್‌ಪ್ರೆಷನ್’, ಅಂದರೆ ಪದದ ಬದಲು ಪದದ ವಿನ್ಯಾಸವನ್ನೇ ಬರೆದುಕೊಡುವ ಕ್ರಮ. ಇದರ ಮೂಲ 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ ಮಾಡಿದ ಕೆಲಸದಲ್ಲಿದೆ. ಪಠ್ಯದಲ್ಲಿ ಹುಡುಕಲು ಅದನ್ನು ಬಳಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು.

ಜರಡಿಯ ಕಣ್ತಪ್ಪಿಸಲು ಸ್ಪ್ಯಾಮ್ ಕಳಿಸುವವರು ‘ಸಾ.ಲ’, ‘ಸಾ-ಲ’ ಎಂದೆಲ್ಲ ಬರೆಯುವುದುಂಟು. ಅದಕ್ಕೆ ಈ ವಿನ್ಯಾಸ ನೋಡಿ: (^| )ಸಾ[ .-]?ಲ. ಮೊದಲ ಆವರಣದ ಅರ್ಥ, ಪದವು ಸಾಲಿನ ಆರಂಭದಲ್ಲಿರಬೇಕು ಇಲ್ಲವೇ ಅದರ ಹಿಂದೆ ಖಾಲಿ ಜಾಗವಿರಬೇಕು. ಚೌಕ ಆವರಣವು ಒಳಗಿನ ಯಾವುದಾದರೂ ಒಂದು ಚಿಹ್ನೆಯನ್ನು ಒಪ್ಪುತ್ತದೆ. ಪ್ರಶ್ನಾರ್ಥಕವು ‘ಅದು ಇಲ್ಲದಿದ್ದರೂ ಸರಿ’ ಎನ್ನುತ್ತದೆ. ಮಸಾಲೆ ಪಾರಾಯಿತು. ಲಕಾರಕ್ಕೆ ಕೊಂಬು ಬರಕೂಡದೆಂದು ಸೇರಿಸಿದರೆ ಸಾಲುಮರವೂ ಪಾರು. ಆದರೆ ‘ಸಮಯ ಸಾಲದು’ ಎಂದು ಯಾರಾದರೂ ಬರೆದರೆ? ‘ಸಾಲದ’ ಮತ್ತು ‘ಸಾಲದು’ ನಡುವಿನ ಅಂತರವನ್ನು ಕನ್ನಡ ಬಲ್ಲ ಮಗುವೂ ಹೇಳೀತು, ವಿನ್ಯಾಸ ಹೇಳಲಾರದು. ಪದ ಎಲ್ಲಿ ಮುಗಿಯಿತೆಂದು ತೋರುವ ಸಂಕೇತವೊಂದು ಇದೆಯಾದರೂ, ಕೆಲವು ತಂತ್ರಾಂಶಗಳು ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರವೆಂದೇ ಎಣಿಸುವುದಿಲ್ಲ. ಪದದ ನಡುವೆಯೇ ಅದು ಮುಗಿಯಿತೆಂದು ಭಾವಿಸುತ್ತವೆ.

ಆದ್ದರಿಂದಲೇ ಒಂದೇ ನಿಯಮಕ್ಕೆ ತೀರ್ಪಿನ ಅಧಿಕಾರ ಕೊಡುವುದಿಲ್ಲ. 2001ರಲ್ಲಿ ಹೊರಬಂದ ‘ಸ್ಪ್ಯಾಮ್‌ಅಸಾಸಿನ್’ ಎಂಬ ತಂತ್ರಾಂಶದಲ್ಲಿ ಪ್ರತಿ ನಿಯಮಕ್ಕೂ ಇಷ್ಟು ಅಂಕ ಎಂದಿದೆ. ಒಟ್ಟು 5 ಮುಟ್ಟಿದರೆ ಸಾಮಾನ್ಯವಾಗಿ ಪತ್ರ ಸ್ಪ್ಯಾಮ್ ಎನಿಸಿಕೊಳ್ಳುತ್ತದೆ. ಒಳ್ಳೆಯ ಏರ್ಪಾಟು. ಆದರೂ ಅದು ಎಡವಿದ್ದುಂಟು. ತಮ್ಮ ಪತ್ರ ಪಟ್ಟಿಯ ಮೇಲ್ತುದಿಯಲ್ಲಿರಲೆಂದು ಸ್ಪ್ಯಾಮ್ ಕಳಿಸುವವರು ಮುಂದಿನ ದಿನಾಂಕ ಹಾಕುವ ಚಾಳಿಯನ್ನು ಹಿಡಿಯಲು ಅದರಲ್ಲೊಂದು ವಿನ್ಯಾಸವಿತ್ತು: 20[1-9][0-9]. ಅಂದರೆ 2010ರಿಂದ 2099ರವರೆಗಿನ ಯಾವುದೇ ಇಸವಿ. ಬರೆದಾಗ ಅದು ದೂರದ ಭವಿಷ್ಯ. 2010ರ ಜನವರಿ 1ರಂದು ಅದೇ ವರ್ತಮಾನವಾಯಿತು! ಅಂದು ಬರೆದ ಪ್ರತಿ ಪತ್ರಕ್ಕೂ, ಶುಭಾಶಯವಿರಲಿ, ಬಿಲ್ಲಿರಲಿ, ಹೆಚ್ಚಿನ ಕಡೆ 3ಕ್ಕೂ ಮೀರಿದ ಅಂಕ ಬಿತ್ತು. ಮತ್ತೊಂದು ಸಣ್ಣ ಸಂಶಯ ಸೇರಿದ ಪತ್ರಗಳು ಸ್ಪ್ಯಾಮ್ ಪಾಲಾದವು. 2009ರಲ್ಲೇ ದೋಷವನ್ನು ತಿದ್ದಿದ್ದರೂ ಆ ತಿದ್ದುಪಡಿ ಬಳಕೆದಾರರಿಗೆ ರವಾನೆಯಾಗಿರಲಿಲ್ಲ. ಅಂದೇ ಹೊರಡಿಸಿದ ಪರಿಹಾರವೂ 20[2-9][0-9] ಎಂದಿತ್ತು, ಅಂದರೆ ಇನ್ನೊಂದು ಹತ್ತು ವರ್ಷದ ವಾಯಿದೆ.

ಸಾಮಾನ್ಯ ಜಿಮೇಲ್ ಖಾತೆಯ ಫಿಲ್ಟರಿನಲ್ಲಿ ಈ ಸಂಕೇತಗಳು ನಡೆಯುವುದಿಲ್ಲ. ಶಾಲೆ, ಕಚೇರಿ, ಸಹಕಾರ ಸಂಘಗಳ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಇವು ಕೈಗೆಟುಕುತ್ತವೆ. ನೀವು ಅಂಥವರಾಗಿದ್ದರೆ, ಹೊಸ ವಿನ್ಯಾಸವನ್ನು ಮೊದಲು ಹಳೆಯ ಒಳ್ಳೆಯ ಪತ್ರಗಳ ಕಟ್ಟಿನ ಮೇಲೆ ಓಡಿಸಿ ಎಷ್ಟು ಸಿಕ್ಕಿಬೀಳುತ್ತವೆಂದು ಎಣಿಸಿ. ಒಂದು ಸಿಕ್ಕಿಬಿದ್ದರೂ ಅಂಕ ಇಳಿಸಿ. ಅಳಿಸಿಹಾಕುವ ಅಪ್ಪಣೆಯನ್ನಂತೂ ಕೊಡಬೇಡಿ, ಬೇರೆ ಕಡತಕ್ಕೆ ಸರಿಸಿ. ಸಂದರ್ಶನದ ಕರೆಯೊಂದು ಅಲ್ಲಿ ಬಿದ್ದಿದ್ದರೆ ದಿನಾಂಕ ಮೀರುವುದರೊಳಗೆ ಹೆಕ್ಕಿಕೊಳ್ಳಬಹುದು.