ದತ್ತಸಂಗ್ರಹದಲ್ಲಿ ಲೋಪವೂ ಅಪಪಾಠವೂ

ಜೇಸನ್ ಎಂಬುದು ಮಾಹಿತಿಯನ್ನು ಹೆಸರು ಮೌಲ್ಯಗಳ ಜೋಡಿಗಳಾಗಿಯೂ ಪಟ್ಟಿಗಳಾಗಿಯೂ ಬರೆದಿಡುವ ಕ್ರಮ. ಇದರ ವ್ಯಾಕರಣವು ಬಹು ಬಿಗಿಯಾದುದು. ಕೊನೆಯ ಅಂಶದ ಬಳಿಕ ಒಂದು ಅಲ್ಪವಿರಾಮವು ಹೆಚ್ಚಾದರೂ ಇಡಿಯ ಬರಹವು ಅಸಾಧುವೆನಿಸುವುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಗ್ರಹದಲ್ಲಿ ಬರಿಯ ಪಠ್ಯವಾಗಿರುವ ಇಂತಹ ಬರಹಗಳನ್ನು ಪ್ರಶ್ನೆಯ ವೇಳೆ ಜೇಸನ್‌ಬಿ ರೂಪಕ್ಕೆ ತಿರುಗಿಸುವಾಗ, ಸಾವಿರ ಸಾಲುಗಳಲ್ಲಿ ಒಂದು ಕೆಟ್ಟಿದ್ದರೂ ಪ್ರಶ್ನೆಯೇ ನಿಂತುಹೋಗುವುದು.

2024ರ 17ನೆಯ ಆವೃತ್ತಿಯಲ್ಲಿ ಬಂದ 'ಜೇಸನ್ ವ್ಯಾಲ್ಯೂ'ವಿಗೆ 'ಆನ್ ಎರರ್' ಎಂಬ ವಿಧಿಯುಂಟು. ಆದರೆ ಅದು ಮೌಲ್ಯವನ್ನು ಹುಡುಕುವಾಗಿನ ದೋಷಕ್ಕೆ ಅನ್ವಯಿಸುವುದೇ ಹೊರತು, ಪಠ್ಯವನ್ನು ಓದುವಾಗಲೇ ಹುಟ್ಟುವ ದೋಷವನ್ನು ತಡೆಯದು. ಆದಕಾರಣ 2023ರ 16ನೆಯ ಆವೃತ್ತಿಯಲ್ಲಿ ಸೇರಿದ 'ಪಿಜಿ ಇನ್‌ಪುಟ್ ಈಸ್ ವ್ಯಾಲಿಡ್' ಎಂಬ ಪರೀಕ್ಷೆಯನ್ನು ಮೊದಲು ನಡೆಸುವುದು ಯುಕ್ತ. ಅದನ್ನು 'ಕೇಸ್' ವಾಕ್ಯದೊಳಗೆ ಇಡಬೇಕು. ಏಕೆಂದರೆ 'ವೇರ್' ಭಾಗದ ನಿಬಂಧನೆಗಳು ಬರೆದ ಕ್ರಮದಲ್ಲಿಯೇ ನಡೆಯುವುವೆಂಬ ನಿಯಮವಿಲ್ಲ.

ಕೆಟ್ಟ ಸಾಲಿಗೆ 'ನಲ್' ಎಂಬ ಬರಿದು ಗುರುತನ್ನಿತ್ತು ಮುಂದುವರಿಯುವುದು ಸುಲಭ. ಹಾಗೆ ಮಾಡಿದರೆ ಇಲ್ಲದ ಮಾಹಿತಿಗೂ ಕೆಟ್ಟ ಮಾಹಿತಿಗೂ ಭೇದವುಳಿಯದು. ಗ್ರಂಥಸಂಪಾದಕನು ಲೋಪವನ್ನೂ ಅಪಪಾಠವನ್ನೂ ಬೇರೆ ಬೇರೆಯಾಗಿ ಗುರುತಿಸುವಂತೆ, ಕೆಟ್ಟ ಸಾಲುಗಳನ್ನು ಇದ್ದಂತೆಯೇ ಪ್ರತ್ಯೇಕ ಪಟ್ಟಿಯಲ್ಲಿರಿಸಿ, ಅನಂತರ ತಿದ್ದತಕ್ಕದ್ದು.