ಅಡುಗೆಮನೆಯ ದಣಿದ ಕೈಗಳು

ಹತ್ತರಗಿಯ ಮಗ್ಗುಲಲ್ಲಿಯೇ ಪುಣೆ–ಬೆಂಗಳೂರು ಹೆದ್ದಾರಿ ಸಾಗುತ್ತದೆ. ಭಾನುವಾರದ ಪೂಜೆಯ ಬಳಿಕ ನಾವು ಅನೇಕ ಬಾರಿ ಮನೆಯ ದಾರಿ ಬಿಟ್ಟು ಹೋಟೆಲಿನ ಕಡೆಗೆ ಹೊರಳುತ್ತೇವೆ. ಅಲ್ಲಿನ ಊಟದಲ್ಲಿ ಎಣ್ಣೆ, ಉಪ್ಪು ಹೆಚ್ಚೆಂಬುದನ್ನು ನಾವು ಅರಿಯದವರಲ್ಲ. ಒಳಿತನ್ನು ಅರಿತೂ ಅದರಂತೆ ನಡೆಯದಿರುವುದನ್ನು ಅರಿಸ್ಟಾಟಲನು ಆತ್ಮಸಂಯಮದ ಕೊರತೆಯೆಂದು ವಿವರಿಸಿದನು. ಆದರೆ ಇಲ್ಲಿರುವುದು ಸಂಯಮದ ಕೊರತೆಯಷ್ಟೇ ಅಲ್ಲ, ದುಡಿಯುವ ಕೈಗಳ ಕೊರತೆಯೂ ಹೌದು.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ, ಒಂದೊಂದನ್ನೇ ತಟ್ಟಿ, ಹಂಚಿನ ಮೇಲೆ ಬೇಯಿಸಬೇಕು. ಹೊಲದಿಂದಲೋ ಕಚೇರಿಯಿಂದಲೋ ದಣಿದು ಬಂದ ತಾಯಿಯೊಬ್ಬಳೇ ಇದನ್ನೆಲ್ಲ ಮಾಡಲೆಂದು ಮನೆಮಂದಿ ಕಾದು ಕುಳಿತರೆ, ಹೋಟೆಲು ಆಕೆಗೆ ಬಿಡುಗಡೆಯಾಗಿ ತೋರುವುದು ಸಹಜ. ಅದನ್ನು ಸೋಮಾರಿತನವೆನ್ನುವುದು ಅನ್ಯಾಯ.

ಅನುಕೂಲವನ್ನು ನಮ್ಮ ಹಿರಿಯರೂ ಬಯಸಿದ್ದರು. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಗಟ್ಟಿ ಮೊಸರು: ಅವಸರದ ದಿನದ ಸಿದ್ಧ ಊಟವೇ ಇದು. ಬಿಡುವಿನ ಒಂದು ದಿನ ನಾಲ್ಕು ಕೈಗಳು ಕೂಡಿ ದುಡಿದರೆ ಹಲವು ಸಂಜೆಗಳು ಹಗುರಾಗುತ್ತವೆ.

ಆದುದರಿಂದ ಪ್ರಿಯ ಕುಟುಂಬಗಳೇ, ಇಂದು ಸಂಜೆ ಏನಡುಗೆ ಎಂದು ಕೇಳುವ ಮೊದಲು, ಯಾರು ಕೈಜೋಡಿಸುವರು ಎಂದು ಕೇಳಿಕೊಳ್ಳೋಣ.